ಕಚ್ಚಿಕೊಂಡ ನಟ್ಟಿಗೆ ಒಂದು ರಾತ್ರಿ ಕೊಡಿ

ಕೊಚ್ಚಿಯ ವೈಟ್ಟಿಲದಲ್ಲಿ ಮನೆ ಮಾಡಿರುವ ಕನ್ನಡಿಗರೇ, ಪಕ್ಕದಲ್ಲೇ 2023ರಿಂದ ವಾಟರ್ ಮೆಟ್ರೋ ಓಡಾಡುವ ಹಿನ್ನೀರು, ಜೂನ್ ಬಂತೆಂದರೆ ಜಡಿಮಳೆ. ಗೇಟಿನ ನಟ್ಟು ತುಕ್ಕು ಹಿಡಿಯದೆ ಇದ್ದೀತೇ? ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಅದಕ್ಕೇ ನಟ್ಟು ಕಚ್ಚಿಕೊಳ್ಳುವುದು.

ಮೊದಲು ತಂತಿ ಬ್ರಷ್‌ನಿಂದ ಉಜ್ಜಿ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಸುತ್ತಿಗೆಯಿಂದ ಮೆಲ್ಲಗೆ ನಾಲ್ಕು ಏಟು ಕೊಟ್ಟು, ರಾತ್ರಿಯಿಡೀ ಹಾಗೇ ಬಿಡಿ. ಅವಸರ ಮಾಡಿದರೆ ಬೋಲ್ಟೇ ಮುರಿದೀತು. ಬೆಳಿಗ್ಗೆ ರಿಂಗ್ ಸ್ಪ್ಯಾನರ್ ಹಾಕಿ. ಬಾಯಿ ತೆರೆದ ಸ್ಪ್ಯಾನರ್ ಜಾರಿದರೆ ನಟ್ಟಿನ ಮೂಲೆ ಸವೆದು ದುಂಡಗಾಗುತ್ತದೆ, ಬೆರಳ ಗೆಣ್ಣೂ ತರಚುತ್ತದೆ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ‘ಕಿರ್’ ಎಂದು ತುಕ್ಕು ಬಿಟ್ಟ ಮೇಲೆ ಸಡಿಲಿಸಿ. ಸ್ಪ್ಯಾನರನ್ನು ನಿಮ್ಮತ್ತ ಎಳೆಯಿರಿ, ದೂಡಬೇಡಿ. ಎಣ್ಣೆ ಬಿಟ್ಟ ಜಾಗಕ್ಕೆ ಬೆಂಕಿ ತೋರಿಸಲೇಬೇಡಿ. ಮತ್ತೆ ಕೂರಿಸುವಾಗ ಬೋಲ್ಟಿನ ಥ್ರೆಡ್ಡಿಗೆ ಒಂದಿಷ್ಟು ಗ್ರೀಸ್ ಸವರಿ.