‘ಸೇನ್’ ಅಂದಮಾತ್ರಕ್ಕೆ ಕನ್ನಡದವರೇ?

ಕೋಲ್ಕತ್ತದ ಗರಿಯಾಹಾಟ್‌ನ ಕನ್ನಡತಿ ಸೊಸೆಯೇ, ಸೇನ್ ಮನೆತನದವರು ಮೂಲತಃ ಕನ್ನಡದವರು ಎಂಬ ನಿಮ್ಮ ಮಾವನವರ ಮಾತು ಬರೀ ಹರಟೆಯಲ್ಲ. ರಾಜಶಾಹಿ ಬಳಿಯ ದೇವಪಾಡಾದಲ್ಲಿ ಸಿಕ್ಕ ವಿಜಯಸೇನನ 12ನೇ ಶತಮಾನದ ಶಾಸನ ಇದೆಯಲ್ಲ, ಕವಿ ಉಮಾಪತಿಧರ ರಚಿಸಿದ್ದು, ಅದರಲ್ಲಿ ಬಂಗಾಳವನ್ನಾಳಿದ ಸೇನ ಅರಸರ ಹಿರಿಯ ಸಾಮಂತಸೇನನ ಪರಾಕ್ರಮ ಕರ್ಣಾಟದ ಸಂಪತ್ತನ್ನು ದೋಚಿದವರ ವಿರುದ್ಧವೇ ಮೆರೆಯುತ್ತದೆ. ಮಾಧಾಯಿನಗರದ ತಾಮ್ರಪಟವಂತೂ ಈ ವಂಶವನ್ನು ‘ಕರ್ಣಾಟ ಕ್ಷತ್ರಿಯ’ ಎಂದೇ ಹೇಳುತ್ತದೆ.

ಆದರೆ ಅದು ಅರಸರ ಕತೆ. ಸೇನ್ ಹೆಸರು ಬಂಗಾಳದ ವೈದ್ಯ ಜಾತಿಯವರಲ್ಲೂ ಕಾಯಸ್ಥರಲ್ಲೂ ಇದೆ. ಅದೊಂದನ್ನೇ ಹಿಡಿದು ಸೇನ ಅರಸ ಬಲ್ಲಾಳಸೇನನ ಅರಮನೆಗೆ ನೆಂಟಸ್ತಿಕೆ ಹೇಳಬೇಡಿ. ಮೊದಲು ಅತ್ತೆಯವರನ್ನು ‘ದೇಶೇರ್ ಬಾಡಿ’, ಅಂದರೆ ಪೂರ್ವಜರ ಊರಮನೆ, ಎಲ್ಲಿ ಎಂದು ಕೇಳಿ. 1947ರ ನಂತರ ಪೂರ್ವ ಬಂಗಾಳ ಬಿಟ್ಟು ಬಂದವರಾದರೆ ಊರು, ಠಾಣೆ, ಜಿಲ್ಲೆ ಬಾಯಲ್ಲೇ ಇರಬಹುದು. ಟ್ರಂಕಿನಲ್ಲಿ ಹಳೇ ಜಮೀನು ಪತ್ರ ಹುಡುಕಿ. ವಂಶಾವಳಿ ಹೇಳುವ ಕುಲಜಿ ಗ್ರಂಥಗಳು ಕೊನೆಗಿರಲಿ. ಅಲ್ಲಿ ಹೊಗಳಿಕೆಗೆ ಬರವಿಲ್ಲ.