ಒಸಡಿನ ಆರೋಗ್ಯ ಮತ್ತು ಮಂದಶಕ್ತಿಯ ಲೇಸರ್ ಚಿಕಿತ್ಸೆ

ಹಲ್ಲುಜ್ಜುವಾಗ ರಕ್ತ ಕಾಣಿಸಿಕೊಂಡರೆ ಅನೇಕರು ಅದನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಆದರೆ ಅದು ಒಸಡಿನ ರೋಗದ ಮೊದಲ ಲಕ್ಷಣಗಳಲ್ಲೊಂದು. ಹಲ್ಲು ಮತ್ತು ಒಸಡಿನ ಸಂದಿಯಲ್ಲಿ ಸಂಗ್ರಹವಾಗುವ ಬ್ಯಾಕ್ಟೀರಿಯಾಗಳ ಪದರವು ಕ್ರಮೇಣ ಕಿಟ್ಟದಂತೆ ಗಟ್ಟಿಗೊಂಡು, ಒಸಡಿನಲ್ಲಿ ಉರಿಯೂತವನ್ನು ಉಂಟುಮಾಡುತ್ತದೆ. ನಿರ್ಲಕ್ಷಿಸಿದರೆ ಹಲ್ಲಿಗೆ ಆಧಾರವಾಗಿರುವ ಮೂಳೆ ಕರಗಿ, ಹುಳುಕಿಲ್ಲದ ಹಲ್ಲೂ ಸಡಿಲಗೊಂಡು ಬೀಳಬಹುದು. ಈ ರೋಗದ ಚಿಕಿತ್ಸೆಯಲ್ಲಿ ಈಗ ಮಂದಶಕ್ತಿಯ ಲೇಸರ್ ಕಿರಣವೂ ಬಳಕೆಯಲ್ಲಿದೆ.

1960ರಲ್ಲಿ ಅಮೆರಿಕದ ವಿಜ್ಞಾನಿ ಥಿಯೊಡರ್ ಮೈಮನ್ ಮೊದಲ ಲೇಸರ್ ಸಾಧನವನ್ನು ನಿರ್ಮಿಸಿದರು. ಆ ದಶಕದಲ್ಲಿಯೇ ಹಂಗೇರಿಯ ವೈದ್ಯ ಎಂಡ್ರೆ ಮೆಸ್ಟರ್ ಅವರು ರೋಮ ಬೋಳಿಸಿದ ಇಲಿಗಳ ಮೇಲೆ ಮಂದವಾದ ಲೇಸರ್ ಬೆಳಕನ್ನು ಹಾಯಿಸಿದಾಗ, ಅವುಗಳಲ್ಲಿ ರೋಮ ಬೇಗನೆ ಬೆಳೆದುದನ್ನು ಕಂಡರು. ಅನಂತರ ಮಾಯದ ಹುಣ್ಣುಗಳ ಚಿಕಿತ್ಸೆಗೂ ಅದನ್ನು ಬಳಸಿದರು.

ಶಸ್ತ್ರಚಿಕಿತ್ಸೆಯ ಲೇಸರ್ ತನ್ನ ಶಾಖದಿಂದ ಅಂಗಾಂಶವನ್ನು ಕತ್ತರಿಸುತ್ತದೆ. ಮಂದಶಕ್ತಿಯ ಲೇಸರ್ ಹಾಗಲ್ಲ. ಸಾಮಾನ್ಯವಾಗಿ 500 ಮಿಲಿವ್ಯಾಟ್‌ಗಿಂತ ಕಡಿಮೆ ಶಕ್ತಿಯದು, 600ರಿಂದ 1000 ನ್ಯಾನೊಮೀಟರ್ ತರಂಗಾಂತರದ ಕೆಂಪು ಅಥವಾ ಅವಕೆಂಪು ಬೆಳಕು. ಜೀವಕೋಶದೊಳಗೆ ಶಕ್ತಿಯನ್ನು ಉತ್ಪಾದಿಸುವ ಮೈಟೊಕಾಂಡ್ರಿಯಗಳಲ್ಲಿನ ಕಿಣ್ವವೊಂದು ಈ ಬೆಳಕನ್ನು ಹೀರಿಕೊಳ್ಳುತ್ತದೆಂದೂ, ಇದರಿಂದ ಕೋಶದ ಶಕ್ತಿಯ ಉತ್ಪಾದನೆ ಹೆಚ್ಚುತ್ತದೆಂದೂ ವಿಜ್ಞಾನಿಗಳು ವಿವರಿಸುತ್ತಾರೆ. ಒಸಡಿಗೆ ದೃಢತೆಯನ್ನು ನೀಡುವ ಕೊಲಾಜೆನ್ ಎಂಬ ನಾರನ್ನು ನೇಯುವ ಕೋಶಗಳು ಚುರುಕಾಗುತ್ತವೆ. ಬಾವು ಮತ್ತು ನೋವು ತಗ್ಗಲು ನೆರವಾಗುತ್ತದೆ.

ಆದರೆ ಒಂದು ಮಾತನ್ನು ಮರೆಯಬಾರದು. ಈ ಕಿರಣವು ಗಟ್ಟಿಯಾದ ಕಿಟ್ಟವನ್ನು ತೆಗೆಯಲಾರದು. ದಂತವೈದ್ಯರು ಹಲ್ಲು ಹಾಗೂ ಬೇರಿನ ಮೇಲ್ಮೈಯನ್ನು ಶುಚಿಗೊಳಿಸುವುದೇ ಮುಖ್ಯ ಚಿಕಿತ್ಸೆ; ಲೇಸರ್ ಅದಕ್ಕೆ ಪೂರಕ ಮಾತ್ರ. ಶುಚಿಗೊಳಿಸಿದ ಬಳಿಕ ಲೇಸರ್ ಬಳಸಿದಾಗ ಆರಂಭದ ವಾರಗಳಲ್ಲಿ ಉಪಶಮನ ಕಂಡ ಅಧ್ಯಯನಗಳಿವೆ. ದೀರ್ಘಕಾಲದ ಫಲದ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಪ್ರಮಾಣ ಮೀರಿದರೆ ಅದೇ ಬೆಳಕು ಕೋಶಗಳ ಬೆಳವಣಿಗೆಯನ್ನು ಕುಂಠಿತಗೊಳಿಸಬಲ್ಲದು. ಆದ್ದರಿಂದ ತರಬೇತಿ ಪಡೆದ ವೈದ್ಯರಿಂದಲೇ ಚಿಕಿತ್ಸೆ ಪಡೆಯಬೇಕು. ಆ ವೇಳೆ ರೋಗಿಯೂ ವೈದ್ಯರೂ ರಕ್ಷಣಾ ಕನ್ನಡಕ ಧರಿಸಬೇಕು. ಬಾಯಿಯಲ್ಲಿ ಮಾಯದ ಹುಣ್ಣು ಅಥವಾ ಗಂಟು ಇದ್ದರೆ, ಅದು ಕ್ಯಾನ್ಸರ್ ಅಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು.

ಮಧುಮೇಹಿಗಳು ವಿಶೇಷ ಎಚ್ಚರ ವಹಿಸಬೇಕು. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಒಸಡಿನ ರೋಗ ಉಲ್ಬಣಿಸುತ್ತದೆ. ಒಸಡಿನ ಸೋಂಕು ಸಕ್ಕರೆಯ ಹತೋಟಿಯನ್ನು ಕಷ್ಟಕರವಾಗಿಸುತ್ತದೆ. ಧೂಮಪಾನಿಗಳಲ್ಲಿ ರಕ್ತಸ್ರಾವ ಕಡಿಮೆ ಕಾಣುವುದರಿಂದ ರೋಗವು ಮರೆಯಾಗಿಯೇ ಬೆಳೆಯಬಹುದು.

ದಿನಕ್ಕೆರಡು ಬಾರಿ ಮೃದುವಾದ ಬ್ರಷ್‌ನಿಂದ ಹಲ್ಲುಜ್ಜುವುದು, ಸಂದಿಗಳನ್ನು ಶುಚಿಯಾಗಿಡುವುದು, ತಂಬಾಕನ್ನು ತ್ಯಜಿಸುವುದು, ನಿಯತವಾಗಿ ದಂತವೈದ್ಯರನ್ನು ಕಾಣುವುದು: ಇವು ಎಲ್ಲರಿಗೂ ಸಾಧ್ಯ. ಒಸಡಿನಲ್ಲಿ ರಕ್ತ ಕಂಡವರು ಹಲ್ಲು ಅಲುಗಾಡುವವರೆಗೆ ಕಾಯದೆ ಇಂದೇ ಪರೀಕ್ಷೆ ಮಾಡಿಸಿಕೊಳ್ಳುವುದು ಶ್ರೇಯಸ್ಕರ.