ಬಿಡುಗಡೆ ಎಂಬ ಮಾತಿಗೆ ಎರಡು ಅರ್ಥ

ಸ್ವಾತಂತ್ರ್ಯವೆಂದರೇನೆಂಬ ವಿಷಯದಲ್ಲಿ ಒಂದೇ ಸತ್ಯವೇದವನ್ನು ಓದಿದವರೂ ಏಕಾಭಿಪ್ರಾಯವುಳ್ಳವರಾಗಲಿಲ್ಲ. 1520ರಲ್ಲಿ ಜರ್ಮನಿಯ ಮಾರ್ಟಿನ್ ಲೂಥರನು ಕ್ರೈಸ್ತನ ಸ್ವಾತಂತ್ರ್ಯದ ವಿಷಯವಾಗಿ ಚಿಕ್ಕ ಪುಸ್ತಕವೊಂದನ್ನು ಬರೆದು, ವಿಶ್ವಾಸಿಯು ಯಾರಿಗೂ ಅಧೀನನಲ್ಲ, ಆದರೂ ಪ್ರೀತಿಯ ನಿಮಿತ್ತ ಎಲ್ಲರ ಸೇವಕನು ಎಂದು ಬೋಧಿಸಿದನು. 1525ರ ಮಾರ್ಚ್ ತಿಂಗಳಲ್ಲಿ ಅದೇ ದೇಶದ ಮೆಮ್ಮಿಂಗೆನ್ ಪಟ್ಟಣದಲ್ಲಿ ಕೂಡಿದ ರೈತರು ಹನ್ನೆರಡು ಬೇಡಿಕೆಗಳನ್ನು ಮುಂದಿಟ್ಟರು. ಕ್ರಿಸ್ತನು ಹಿರಿಯ ಕಿರಿಯರೆಲ್ಲರನ್ನೂ ತನ್ನ ರಕ್ತದಿಂದ ವಿಮೋಚಿಸಿರಲಾಗಿ ತಾವು ಒಡೆಯರ ಸೊತ್ತಾಗಿರುವದು ಸಲ್ಲದೆಂಬದು ಅವುಗಳಲ್ಲಿ ಮೂರನೆಯದು. ಜೀತ ಬಿಟ್ಟಿಗಳ ಸುದ್ದಿಯನ್ನು ಅಜ್ಜಂದಿರ ಬಾಯಿಂದ ಕೇಳಿದ ನಮಗೆ ಈ ಮಾತು ದೂರದೇಶದ್ದೆಂದು ತೋರದು.

ಲೂಥರನು ಒಡೆಯರ ಲೋಭವನ್ನು ಗದರಿಸಿದನು. ಆದರೆ ಈ ಬೇಡಿಕೆಯನ್ನು ಒಪ್ಪಲಿಲ್ಲ. ಅಬ್ರಹಾಮನಿಗೂ ದಾಸರಿದ್ದರು, ದಾಸನ ಆತ್ಮವು ಸ್ವತಂತ್ರವಾಗಿರಬಲ್ಲದು, ಸುವಾರ್ತೆಯ ಬಿಡುಗಡೆಯನ್ನು ದೇಹದ ಬಿಡುಗಡೆಯಾಗಿ ಮಾಡಬಾರದು ಅಂದನು. ರೈತರು ದಂಗೆಯೆದ್ದು ಮಠಗಳನ್ನೂ ಕೋಟೆಗಳನ್ನೂ ಸುಟ್ಟಾಗ, ಅವರನ್ನು ಕೊಲ್ಲಬೇಕೆಂದೇ ಅರಸರಿಗೆ ಬರೆದನು. ಮೇ 15ರಂದು ಫ್ರಾಂಕೆನ್‌ಹೌಸೆನ್ ಬಳಿಯಲ್ಲಿ ಸಾವಿರಾರು ರೈತರು ಹತರಾದರು. ಲೂಥರನನ್ನು ಗೌರವಿಸುವ ನಾವು ಆ ಬರಹವನ್ನು ಸಮರ್ಥಿಸಲಾರೆವು.

ಆತ್ಮದ ಸ್ವಾತಂತ್ರ್ಯವು ಬೇಡಿಯಲ್ಲಿಯೂ ಉಳಿಯುವದು ನಿಜ. ಫಿಲಿಪ್ಪಿಯ ಸೆರೆಯಲ್ಲಿ ಪೌಲನೂ ಸೀಲನೂ ನಡುರಾತ್ರಿಯಲ್ಲಿ ಹಾಡಿದರಲ್ಲವೇ? ಆದರೆ ಇದನ್ನು ಬೇಡಿ ತೊಟ್ಟವನು ತನ್ನ ಧೈರ್ಯಕ್ಕಾಗಿ ಹೇಳಿಕೊಳ್ಳುವದು ಒಂದು. ಬೇಡಿ ಹಾಕಿದವನು ಅವನಿಗೆ ಬೋಧಿಸುವದು ಮತ್ತೊಂದು. ಅದೇ ಪೌಲನು ಬೆಳಗಾದ ಮೇಲೆ ಏನು ಮಾಡಿದನೆಂದು ಅಪೊಸ್ತಲರ ಕೃತ್ಯಗಳು 16:37ರಲ್ಲಿ ಓದಿರಿ. ಬಿಟ್ಟುಬಿಡಿರೆಂದು ಅಧಿಪತಿಗಳು ಹೇಳಿಕಳುಹಿಸಿದಾಗ ಗುಟ್ಟಾಗಿ ಹೊರಡಲು ಅವನು ಒಪ್ಪಲಿಲ್ಲ. ತಾವು ರೋಮಾಪುರದ ಹಕ್ಕುಳ್ಳವರು, ವಿಚಾರಣೆಯಿಲ್ಲದೆ ಹೊಡಿಸಿದವರೇ ಬಂದು ಹೊರಗೆ ಕರೆದುಕೊಂಡು ಹೋಗಲಿ ಅಂದನು. ಅವರು ಬಂದು ಬೇಡಿಕೊಂಡರು.